ಮೊದಲು ಹೊಲವೋ, ಮಡಕೆಯೋ, ಊರೋ?

ಪ್ರಶ್ನೆ: ಮಗಳಿಗೆ ಇತಿಹಾಸದ ಮೊದಲ ಪಾಠ ಹೇಳಿಕೊಡುತ್ತಿದ್ದೇನೆ. ಮನುಷ್ಯ ಮೊದಲು ಬೇಟೆಯಾಡುತ್ತಿದ್ದ, ಆಮೇಲೆ ಬೇಸಾಯ ಕಂಡುಹಿಡಿದ, ಆಮೇಲೆ ಒಂದೆಡೆ ನೆಲೆನಿಂತ, ಮಡಕೆ ಮಾಡಿದ, ನಗರ ಕಟ್ಟಿದ, ರಾಜ ಬಂದ, ಬರವಣಿಗೆ ಬಂತು, ಇದೇ ನಾಗರಿಕತೆ ಎಂದು ಪುಸ್ತಕದಲ್ಲಿದೆ. ಎಲ್ಲ ಕಡೆಯೂ ಇದೇ ಕ್ರಮದಲ್ಲಿ ನಡೆಯಿತಾ? ಶಿಲಾಯುಗ, ಕಂಚಿನ ಯುಗ ಎಲ್ಲರಿಗೂ ಒಂದೇ ಕಾಲಕ್ಕೆ ಬಂದವಾ? ಬರವಣಿಗೆಯೇ ಇಲ್ಲದ ಕಾಲದ ಬಗ್ಗೆ ಇಷ್ಟೆಲ್ಲ ಹೇಗೆ ಗೊತ್ತಾಗುತ್ತದೆ?

ಉತ್ತರ: ಆ ಪಟ್ಟಿಯಲ್ಲಿರುವ ಒಂದೊಂದು ಸಂಗತಿಯೂ ನಿಜ. ಎಡವಟ್ಟು ಇರುವುದು ಅವುಗಳ ನಡುವೆ ಬರುವ 'ಆಮೇಲೆ' ಎಂಬ ಪದದಲ್ಲಿ. ನೆಲ ಅಗೆದಾಗ ಸಿಕ್ಕಿದ್ದು ಪುಸ್ತಕದ ಕ್ರಮಕ್ಕಿಂತ ತುಂಬಾ ಅಡ್ಡಾದಿಡ್ಡಿಯಾಗಿದೆ. ಕೆಲವು ಕಡೆ ಪೂರ್ತಿ ಉಲ್ಟಾ.

ಮೊದಲು ಈ ಯುಗಗಳ ಹೆಸರು ಎಲ್ಲಿಂದ ಬಂದವು ನೋಡೋಣ. ಅವು ಹುಟ್ಟಿದ್ದು ಒಂದು ಮ್ಯೂಸಿಯಂನಲ್ಲಿ. 19ನೇ ಶತಮಾನದ ಆರಂಭದಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕ್ರಿಶ್ಚಿಯನ್ ಥಾಮ್ಸನ್ ಎಂಬುವವರ ಮುಂದೆ ಹಳೆಯ ಸಾಮಾನುಗಳ ದೊಡ್ಡ ರಾಶಿ ಇತ್ತು. ಯಾವುದಕ್ಕೂ ತಾರೀಖು ಇಲ್ಲ. ಜನ ಬಂದು ನೋಡುವಂತೆ ಅದನ್ನೆಲ್ಲ ಜೋಡಿಸಬೇಕಿತ್ತು. ಯಾವ ಸಮಾಧಿಯಲ್ಲಿ ಯಾವ ವಸ್ತುವಿನ ಜೊತೆ ಯಾವುದು ಸಿಕ್ಕಿದೆ ಎಂದು ನೋಡುತ್ತಾ ಅವರು ಕಲ್ಲು, ಕಂಚು, ಕಬ್ಬಿಣ ಎಂದು ಮೂರು ಗುಂಪು ಮಾಡಿದರು. 1836ರಲ್ಲಿ ಈ ವಿಂಗಡಣೆ ಅಚ್ಚಾಯಿತು. 1865ರಲ್ಲಿ ಇಂಗ್ಲೆಂಡಿನ ಜಾನ್ ಲಬಕ್ ಕಲ್ಲಿನ ಗುಂಪನ್ನು ಹಳೆ ಶಿಲಾಯುಗ, ನವಶಿಲಾಯುಗ ಎಂದು ಒಡೆದರು. ಥಾಮ್ಸನ್ ಮಾಡಿದ್ದು ಜಾಣ ಕೆಲಸ, ಉತ್ತರ ಯೂರೋಪಿಗೆ ಅದು ಇವತ್ತಿಗೂ ಚೆನ್ನಾಗಿ ಹೊಂದುತ್ತದೆ. ತೊಂದರೆ ಶುರುವಾಗಿದ್ದು ಆ ಕಪಾಟಿನ ಚೀಟಿಗಳನ್ನೇ ಇಡೀ ಜಗತ್ತಿಗೆ ಅಂಟಿಸಿದಾಗ.

ಸಹಾರಾ ಮರುಭೂಮಿಯ ದಕ್ಷಿಣಕ್ಕೆ ಆಫ್ರಿಕದ ಬಹುಪಾಲು ಜನ ಕಲ್ಲಿನಿಂದ ನೇರ ಕಬ್ಬಿಣಕ್ಕೆ ಹೋದರು. ಅವರಿಗೆ ಕಂಚಿನ ಯುಗ ಎಂಬುದೇ ಇಲ್ಲ. ಸ್ಪೇನಿನವರು ಬರುವ ತನಕ ಅಮೆರಿಕ ಖಂಡಗಳಲ್ಲಿ ಕಬ್ಬಿಣ ಕರಗಿಸಿದವರಿರಲಿಲ್ಲ, ಆದರೆ ದೊಡ್ಡ ನಗರಗಳೂ ಸಾಮ್ರಾಜ್ಯಗಳೂ ಇದ್ದವು. ಹಾಗಾಗಿ 'ನವಶಿಲಾಯುಗ ಯಾವಾಗ?' ಎಂದು ಕೇಳಿದರೆ, ಯಾವ ಊರಿನದು ಎಂದು ಮೊದಲು ಹೇಳಬೇಕಾಗುತ್ತದೆ.

ಇನ್ನೊಂದು ಸಣ್ಣ ಮೋಸ ಆ ಹೆಸರಿನೊಳಗೇ ಇದೆ. ಶಿಲಾಯುಗದವರ ಕೈಯಲ್ಲಿ ಕಲ್ಲಿಗಿಂತ ಮರ, ಚರ್ಮ, ನಾರು, ಹಗ್ಗ, ಬುಟ್ಟಿಗಳೇ ಜಾಸ್ತಿ ಇದ್ದಿರಬೇಕು. ಅವೆಲ್ಲ ಕೊಳೆತು ಹೋದವು, ಕಲ್ಲು ಉಳಿಯಿತು. 1990ರ ದಶಕದಲ್ಲಿ ಜರ್ಮನಿಯ ಶೋನಿಂಗನ್ ಎಂಬಲ್ಲಿ ಕಲ್ಲಿದ್ದಲ ಗಣಿಯೊಂದರ ಕೆಸರಿನಲ್ಲಿ ಎರಡು-ಮೂರು ಲಕ್ಷ ವರ್ಷ ಹಳೆಯ ಮರದ ಈಟಿಗಳು ಸಿಕ್ಕವು. ನಯವಾಗಿ ಹೆರೆದು, ತೂಕ ಹೊಂದಿಸಿ ಮಾಡಿದ ಈಟಿಗಳು. ಕೆಸರು ಒಣಗದೇ ಇದ್ದದ್ದರಿಂದ ಉಳಿದವು. ಇಲ್ಲದಿದ್ದರೆ ಆ ಜನರ ಬಗ್ಗೆಯೂ 'ಕಲ್ಲು ಚಕ್ಕೆ ಎಬ್ಬಿಸುತ್ತಿದ್ದರು' ಎಂದು ಒಂದು ಸಾಲು ಬರೆದು ಮುಂದೆ ಹೋಗುತ್ತಿದ್ದೆವು.

ಕಾಲದ ಅಳತೆ ಒಂದು ಸಲ ತಲೆಗೆ ಹತ್ತಿಬಿಟ್ಟರೆ ಉಳಿದದ್ದು ಸುಲಭ. ನಮಗೆ ಸಿಕ್ಕ ಅತಿ ಹಳೆಯ ಕಲ್ಲಿನ ಉಪಕರಣಗಳು ಕೀನ್ಯಾದ ಲೊಮೆಕ್ವಿಯವು, ಸುಮಾರು 33 ಲಕ್ಷ ವರ್ಷ ಹಳೆಯವು. ನಮ್ಮದೇ ಪ್ರಭೇದದ ಮನುಷ್ಯರ ಹಳೆಯ ಮೂಳೆಗಳು ಮೊರಾಕ್ಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕಿವೆ, ಅವಕ್ಕೆ ಸುಮಾರು 3 ಲಕ್ಷ ವರ್ಷ. ಬರವಣಿಗೆಗೆ ಇನ್ನೂ 5,300 ವರ್ಷ ಅಷ್ಟೆ. ಇಡೀ ಕಥೆ 600 ಪುಟದ ಪುಸ್ತಕ ಎಂದುಕೊಂಡರೆ, ಓದಿ ತಿಳಿಯಬಹುದಾದ ಭಾಗ ಕೊನೆಯ ಒಂದು ಪುಟ. ಅದಕ್ಕಿಂತ ಹಿಂದಿನ ಅಷ್ಟೂ ಪುಟಗಳಿಗೆ 'ಇತಿಹಾಸಪೂರ್ವ' ಎಂದು ಹೆಸರು. ಆ ಕಾಲದವರೆಂದರೆ ಮಂದಬುದ್ಧಿಯ ಕಾಡುಜನ ಎಂಬ ಚಿತ್ರವನ್ನು ಮಾತ್ರ ಮಗಳ ತಲೆಯಿಂದ ತೆಗೆದುಹಾಕಿ. ದಕ್ಷಿಣ ಆಫ್ರಿಕದ ಬ್ಲಾಂಬೋಸ್ ಗುಹೆಯಲ್ಲಿ 75,000 ವರ್ಷಗಳ ಹಿಂದೆಯೇ ಯಾರೋ ಕೆಮ್ಮಣ್ಣಿನ ಗಟ್ಟಿಯ ಮೇಲೆ ಅಡ್ಡ ಗೆರೆ, ಓರೆ ಗೆರೆ ಎಳೆದು ವಿನ್ಯಾಸ ಕೊರೆದಿದ್ದಾರೆ. ಚಿಪ್ಪಿಗೆ ತೂತು ಮಾಡಿ ಸರ ಪೋಣಿಸಿದ್ದಾರೆ.

ಈಗ ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ಬರೋಣ, ಬೇಸಾಯಕ್ಕೆ. 'ಕಂಡುಹಿಡಿದ' ಎಂಬ ಕ್ರಿಯಾಪದ ಇಲ್ಲಿ ಹೊಂದುವುದಿಲ್ಲ. ಯಾಕೆ ಅನ್ನುವುದಕ್ಕೆ ಗೋಧಿಯ ಒಂದು ತೆನೆಯನ್ನು ಹತ್ತಿರದಿಂದ ನೋಡಬೇಕು.

ಕಾಡುಗೋಧಿಯ ತೆನೆ ಹಣ್ಣಾದಾಗ ತಾನಾಗಿಯೇ ಮುರಿಯುತ್ತದೆ. ಗಾಳಿ ಬೀಸಿದರೆ ಸಾಕು, ಕಾಳಿನ ಗೂಡುಗಳು ಒಂದೊಂದಾಗಿ ಕಳಚಿ ನೆಲಕ್ಕೆ ಬೀಳುತ್ತವೆ. ಗಿಡಕ್ಕೆ ಬೇಕಾಗಿರುವುದೂ ಅದೇ, ಬೀಜ ಚೆಲ್ಲಬೇಕಲ್ವಾ. ಆದರೆ ಕೊಯ್ಯಲು ಬಂದವರಿಗೆ ಅದು ಕಾಟ. ಮುಟ್ಟಿದರೆ ಉದುರುತ್ತದೆ. ಎಷ್ಟೋ ಗಿಡಗಳ ನಡುವೆ ಎಲ್ಲೋ ಒಂದು ಗಿಡದಲ್ಲಿ ಹುಟ್ಟಿನಲ್ಲೇ ಒಂದು ಐಬು: ತೆನೆ ಮುರಿಯುವುದಿಲ್ಲ. ಕಾಡಿನಲ್ಲಿ ಅಂಥ ಗಿಡಕ್ಕೆ ಸಂತಾನವಿಲ್ಲ. ಆದರೆ ಮನುಷ್ಯ ಕುಡುಗೋಲಿನಿಂದ ಕೊಯ್ದಾಗ ಉದುರುವ ಕಾಳು ನೆಲದ ಪಾಲಾಗಿ, ಉದುರದ ಕಾಳು ಕಟ್ಟಿನೊಳಗೆ ಮನೆಗೆ ಬರುತ್ತದೆ. ಅದರಲ್ಲೇ ಒಂದಿಷ್ಟು ಮುಂದಿನ ವರ್ಷ ಬಿತ್ತನೆಗೆ ಹೋಗುತ್ತದೆ. ಹೀಗೆ ಯಾರೂ ಯೋಜನೆ ಹಾಕದೆ, ಐಬಿನ ಗಿಡವೇ ಹೊಲ ತುಂಬುತ್ತಾ ಬಂತು. ಇವತ್ತು ನಾವು ತಿನ್ನುವ ಗೋಧಿ ಮನುಷ್ಯ ಒಕ್ಕಣೆ ಮಾಡದಿದ್ದರೆ ತನ್ನ ಬೀಜವನ್ನೇ ಸರಿಯಾಗಿ ಚೆಲ್ಲಲಾರದ ಗಿಡ.

ಇದು ಎಷ್ಟು ಕಾಲ ಹಿಡಿಯಿತು ಎಂದು ಹೇಳಲು ಒಂದು ಚಿಕ್ಕ ಸಾಕ್ಷಿ ಇದೆ. ಒಲೆಯಲ್ಲಿ ಸುಟ್ಟು ಕರಕಲಾದ ಕಾಳಿನ ಗೂಡು ಸಾವಿರಾರು ವರ್ಷ ಕೆಡುವುದಿಲ್ಲ. ಅದರ ಬುಡವನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿ. ತಾನಾಗಿ ಕಳಚಿದ್ದಾದರೆ ಗಾಯದ ಗುರುತು ನುಣುಪಾಗಿರುತ್ತದೆ. ಬಡಿದು ಬಿಡಿಸಿದ್ದಾದರೆ ಹರಿದ ಹಾಗೆ ಒರಟಾಗಿರುತ್ತದೆ. ಪಶ್ಚಿಮ ಏಷ್ಯಾದ ಹಳೆಯ ನೆಲೆಗಳಲ್ಲಿ, ಪದರದಿಂದ ಪದರಕ್ಕೆ, ಇಂಥ ನುಣುಪು ಎಷ್ಟು, ಒರಟು ಎಷ್ಟು ಎಂದು ಎಣಿಸಿದ್ದಾರೆ. ಕಣ್ಣು ಸೋಲುವ ಕೆಲಸ. ಒರಟು ಬುಡಗಳ ಪಾಲು ಏರುತ್ತದೆ, ಆದರೆ ಬಸವನಹುಳದ ನಡಿಗೆಯಲ್ಲಿ. ಪೂರ್ತಿ ಬದಲಾಗಲು ಎರಡು-ಮೂರು ಸಾವಿರ ವರ್ಷ. ನೂರಕ್ಕೂ ಜಾಸ್ತಿ ತಲೆಮಾರು. ಅವರಲ್ಲಿ ಒಬ್ಬರಿಗೂ 'ನಾವು ಬೇಸಾಯ ಶುರು ಮಾಡುತ್ತಿದ್ದೇವೆ' ಎಂದು ಅನಿಸಿರಲಾರದು.

ಬೇಸಾಯಕ್ಕಿಂತ ಮೊದಲೇ ಏನೇನಿತ್ತು ನೋಡಿ. 1989ರಲ್ಲಿ ಬರ ಬಿದ್ದು ಇಸ್ರೇಲಿನ ಗಲಿಲಿ ಸರೋವರದ ನೀರು ಇಳಿದಾಗ ಓಹಾಲೊ ಎಂಬ ನೆಲೆ ಬಯಲಾಯಿತು. 23,000 ವರ್ಷ ಹಿಂದಿನ ಗುಡಿಸಲುಗಳು, ಕಾಡುಧಾನ್ಯದ ರಾಶಿ, ಅರೆಯುವ ಕಲ್ಲು. ಜೋರ್ಡಾನಿನ ಶುಬೈಕಾದಲ್ಲಿ 14,400 ವರ್ಷ ಹಳೆಯ ಒಲೆಯೊಳಗೆ ಸುಟ್ಟ ರೊಟ್ಟಿಯ ಚೂರುಗಳು ಸಿಕ್ಕಿವೆ. ಅಲ್ಲಿ ಹೊಲ ಬರಲು ಇನ್ನೂ ಕೆಲವು ಸಾವಿರ ವರ್ಷ ಬಾಕಿ ಇತ್ತು. ಆ ಒಲೆಯ ಜನರನ್ನು ನಾವು ನಟೂಫಿಯನ್ನರು ಎಂದು ಕರೆಯುತ್ತೇವೆ. ಅವರಲ್ಲಿ ಕೆಲವರು ಕಲ್ಲಿನ ತಳಪಾಯ ಹಾಕಿ ಮನೆ ಕಟ್ಟಿ, ವರ್ಷದ ಬಹುಭಾಗ ಒಂದೇ ಕಡೆ ಇರುತ್ತಿದ್ದರು. ಕುಡುಗೋಲಿತ್ತು, ಒರಳಿತ್ತು, ನಾಯಿ ಇತ್ತು. ಐನ್ ಮಲ್ಲಾಹ ಎಂಬಲ್ಲಿ ಒಂದು ಸಮಾಧಿ ಇದೆ: ಸತ್ತವರ ಕೈ ಒಂದು ನಾಯಿಮರಿಯ ಮೇಲೆ ಇದೆ. ಹೊಲ ಮಾತ್ರ ಇರಲಿಲ್ಲ. ಅಂದರೆ ಇಲ್ಲಿ ನೆಲೆನಿಂತದ್ದು ಮೊದಲು, ಬೇಸಾಯ ಆಮೇಲೆ.

ಮಡಕೆಯ ಕಥೆ ಇನ್ನೂ ತಮಾಷೆ. ಚೀನಾದ ಶಿಯಾನ್‌ರೆನ್‌ಡಾಂಗ್ ಗುಹೆಯ ಮಡಕೆ ಚೂರುಗಳಿಗೆ ಸುಮಾರು 20,000 ವರ್ಷ. ಜಪಾನಿನ ಜೋಮೋನ್ ಜನ ಸುಮಾರು 16,000 ವರ್ಷಗಳ ಹಿಂದೆಯೇ ಮಡಕೆ ಸುಡುತ್ತಿದ್ದರು. ಇವರೆಲ್ಲ ಬೇಟೆ, ಮೀನು, ಕಾಡಿನ ಕಾಯಿಗಳ ಮೇಲೆ ಬದುಕಿದವರು. ಪಶ್ಚಿಮ ಏಷ್ಯಾದಲ್ಲಿ ಇದರ ತಿರುವುಮುರುವು: ಗೋಧಿ ಬೆಳೆದರು, ಕುರಿ ಮೇಕೆ ಸಾಕಿದರು, ಮಡಕೆ ಇಲ್ಲದೆ ಸಾವಿರಾರು ವರ್ಷ ಕಳೆದರು. ಪುರಾತತ್ವದವರು ಆ ಕಾಲಕ್ಕೆ 'ಮಡಕೆ ಇಲ್ಲದ ನವಶಿಲಾಯುಗ' ಎಂದು ಹೆಸರಿಟ್ಟಿದ್ದಾರೆ. ಒಂದು ಯುಗದ ಹೆಸರಿಗೆ 'ಇಲ್ಲದ' ಎಂದು ಸೇರಿಸಬೇಕಾಗಿ ಬಂತು ಅಂದರೆ ಕಪಾಟು ಸರಿಯಿಲ್ಲ ಅಂತಲೇ ಅರ್ಥ.

ಟರ್ಕಿಯ ಗೊಬೆಕ್ಲಿ ಟೆಪೆಯ ಹೆಸರು ನೀವೂ ಕೇಳಿರಬಹುದು. ಜರ್ಮನಿಯ ಪುರಾತತ್ವಜ್ಞ ಕ್ಲಾಸ್ ಶ್ಮಿಟ್ ಅಲ್ಲಿ 1995ರಲ್ಲಿ ಅಗೆತ ಶುರು ಮಾಡಿದರು. ಕ್ರಿ.ಪೂ. 9500ರ ಸುಮಾರಿನ ಕಲ್ಲಿನ ಕಂಬಗಳು, ಕೆಲವು ಐದೂವರೆ ಮೀಟರ್ ಎತ್ತರ, ಮೈಮೇಲೆ ನರಿ, ಹಾವು, ಚೇಳು, ಹದ್ದುಗಳ ಕೆತ್ತನೆ. ತಿಂದು ಬಿಸಾಡಿದ ಮೂಳೆಗಳೆಲ್ಲ ಕಾಡುಪ್ರಾಣಿಗಳವು. 'ಮೊದಲು ದೇವಸ್ಥಾನ, ಆಮೇಲೆ ಊರು' ಎಂದು ಶ್ಮಿಟ್ ವಾದಿಸಿದರು. ಆ ಮಾತು ಜಗತ್ತೆಲ್ಲ ಓಡಾಡಿತು. ಆಮೇಲಿನ ಅಗೆತದಲ್ಲಿ ಅಲ್ಲೇ ವಾಸದ ಮನೆಗಳೂ ಸಾವಿರಾರು ಅರೆಯುವ ಕಲ್ಲುಗಳೂ ಸಿಕ್ಕಿವೆ. ಹಾಗಾಗಿ ಜನ ಅಲ್ಲಿ ಸುಮ್ನೆ ಪೂಜೆಗೆ ಬಂದು ಹೋಗುತ್ತಿರಲಿಲ್ಲ, ಇದ್ದರು. ಒಂದು ಏಣಿ ಮುರಿದು ಇನ್ನೊಂದು ಏಣಿ ನಿಲ್ಲಿಸುವ ಆಸೆ ನಮ್ಮ ವೃತ್ತಿಯಲ್ಲೂ ಜಾಸ್ತಿ. ಕಾಡಿನ ಆಹಾರ ತಿಂದು ಬದುಕಿದವರು ಹತ್ತಾರು ಟನ್ ಕಲ್ಲು ಎಬ್ಬಿಸಿ ನಿಲ್ಲಿಸಿದರು ಎಂಬಷ್ಟು ಮಾತ್ರ ಗಟ್ಟಿ, ಅಷ್ಟೇ ಸಾಕು ಕೂಡ.

ಬೇಸಾಯದಿಂದ ಬದುಕು ಸುಖವಾಯಿತು ಎಂದೂ ಪಾಠದಲ್ಲಿ ಇರಬಹುದು. ಮೂಳೆಗಳು ಒಪ್ಪುವುದಿಲ್ಲ. ಸಿರಿಯಾದ ಅಬು ಹುರೇರಾ ಎಂಬ ಹಳೆಯ ಊರಿನ ಅಸ್ಥಿಪಂಜರಗಳನ್ನು ಮೂಳೆಗಳ ತಜ್ಞೆ ತಿಯಾ ಮೊಲ್ಲೆಸನ್ ಪರೀಕ್ಷಿಸಿದರು. ಹೆಂಗಸರ ಕಾಲಿನ ಹೆಬ್ಬೆರಳಿನ ಕೀಲು ಸವೆದಿತ್ತು, ಮಂಡಿಯಲ್ಲಿ, ಬೆನ್ನಿನ ಕೆಳಭಾಗದಲ್ಲಿ ಒತ್ತಡದ ಗುರುತುಗಳಿದ್ದವು. ಕಾರಣ ಅರೆಯುವ ಕಲ್ಲು. ಮಂಡಿಯೂರಿ, ಕಾಲ್ಬೆರಳು ಮಡಚಿ ನೆಲಕ್ಕೆ ಒತ್ತಿ, ಮೈಯೆಲ್ಲ ಮುಂದೆ ತಳ್ಳಿ ಹಿಂದೆ ಎಳೆದು, ದಿನಾ ಗಂಟೆಗಟ್ಟಲೆ ಹಿಟ್ಟು ಅರೆದದ್ದು ಮೂಳೆಯಲ್ಲಿ ಬರೆದುಬಿಟ್ಟಿದೆ. ಬೇಸಾಯ ಹಿಡಿದ ಎಷ್ಟೋ ಕಡೆ ಹಲ್ಲು ಹುಳುಕಾಗುವುದು ಹೆಚ್ಚಿತು, ಜನರ ಸರಾಸರಿ ಎತ್ತರ ತಗ್ಗಿತು.

ಮತ್ತೆ ಯಾಕೆ ಬಿಡಲಿಲ್ಲ? ಅಲೆಯುವ ತಾಯಿ ಒಂದು ಮಗು ನಡೆಯುವ ತನಕ ಇನ್ನೊಂದನ್ನು ಹೊರುವುದು ಕಷ್ಟ. ನೆಲೆನಿಂತ ಮನೆಯಲ್ಲಿ ಗಂಜಿ ಕುಡಿಸಿ ಬೇಗ ಹಾಲು ಬಿಡಿಸಬಹುದು, ಹೆರಿಗೆಗಳ ನಡುವಿನ ಅಂತರ ಕಮ್ಮಿಯಾಗುತ್ತದೆ. ನಾಲ್ಕು ತಲೆಮಾರಿನಲ್ಲಿ ಬಾಯಿಗಳು ಎಷ್ಟು ಹೆಚ್ಚುತ್ತವೆ ಅಂದರೆ ಕಾಡು ಅಷ್ಟು ಜನರನ್ನು ಸಾಕಲಾರದು. ಹೊಲ ಬಿಟ್ಟು ಹೋಗಲು ಜಾಗವೇ ಉಳಿಯುವುದಿಲ್ಲ. ಗಾರ್ಡನ್ ಚೈಲ್ಡ್ ಎಂಬ ಪುರಾತತ್ವಜ್ಞ 1930ರ ದಶಕದಲ್ಲಿ ಇದಕ್ಕೆ 'ನವಶಿಲಾಯುಗದ ಕ್ರಾಂತಿ' ಎಂದು ಹೆಸರಿಟ್ಟರು. ವೇಗದ ಲೆಕ್ಕದಲ್ಲಿ ಇದು ಕ್ರಾಂತಿಯೇ ಅಲ್ಲ. ಪರಿಣಾಮದ ಲೆಕ್ಕದಲ್ಲಿ ಹೌದು. ಅದೂ ಒಂದೇ ಕಡೆ ಹುಟ್ಟಿ ಹರಡಿದ್ದಲ್ಲ: ಚೀನಾದಲ್ಲಿ ಭತ್ತ ಮತ್ತು ಸಿರಿಧಾನ್ಯ, ಮೆಕ್ಸಿಕೊದಲ್ಲಿ ಮೆಕ್ಕೆಜೋಳ, ಆಂಡಿಸ್ ಬೆಟ್ಟಗಳಲ್ಲಿ ಆಲೂಗಡ್ಡೆ, ನ್ಯೂಗಿನಿಯಲ್ಲಿ ಕೆಸುವಿನ ಗಡ್ಡೆ ಮತ್ತು ಬಾಳೆ, ಒಬ್ಬರಿಗೊಬ್ಬರ ಸುದ್ದಿಯೇ ಇಲ್ಲದೆ.

ಇನ್ನು ನಗರ. ಜನ ಜಾಸ್ತಿ ಇದ್ದ ಮಾತ್ರಕ್ಕೆ ನಗರವಾಗುವುದಿಲ್ಲ. ಟರ್ಕಿಯ ಚಾತಾಲ್ ಹೊಯುಕ್‌ನಲ್ಲಿ ಕ್ರಿ.ಪೂ. 7000ದ ಆಸುಪಾಸಿನಲ್ಲಿ ಮನೆಗೆ ಮನೆ ಅಂಟಿಕೊಂಡ ದೊಡ್ಡ ಊರಿತ್ತು. ಬೀದಿಯೇ ಇಲ್ಲ. ಚಾವಣಿಯ ಮೇಲೆ ಓಡಾಡಿ, ಏಣಿ ಇಳಿದು ಮನೆಯೊಳಗೆ ಹೋಗಬೇಕು. ಸತ್ತವರನ್ನು ಮಲಗುವ ಜಗಲಿಯ ಕೆಳಗೇ ಹೂಳುತ್ತಿದ್ದರು. ಅರಮನೆ ಇಲ್ಲ, ಉಗ್ರಾಣ ಇಲ್ಲ, ಎಲ್ಲರ ಮನೆಯೂ ಹೆಚ್ಚುಕಮ್ಮಿ ಒಂದೇ ಅಳತೆ. ಪ್ರತಿ ಮನೆಯೂ ತನ್ನ ಅನ್ನ ತಾನೇ ನೋಡಿಕೊಳ್ಳುತ್ತಿತ್ತು. ನನ್ನ ಪ್ರಕಾರ ಇದು ಬಹಳ ದೊಡ್ಡ ಹಳ್ಳಿ.

ನಗರ ಎಂದು ನಾನು ಒಪ್ಪುವುದು ಉಳುಮೆ ಮಾಡದವರಿಗೆ ಬೇರೆಯವರ ಹೊಲದಿಂದ ದಿನವೂ ಊಟ ಬರುವ ಜಾಗವನ್ನು. ಇದು ಕಣ್ಣಿಗೆ ಕಾಣುವುದು ಇಂದಿನ ಇರಾಕಿನ ಉರುಕ್‌ನಲ್ಲಿ, ಕ್ರಿ.ಪೂ. 3500ರ ನಂತರ. ಅಲ್ಲಿ ಒಂದು ಜಾತಿಯ ಬಟ್ಟಲು ಸಿಗುತ್ತದೆ. ದಪ್ಪ, ಒರಟು, ಅಂಚು ಓರೆ, ಅಚ್ಚಿಗೆ ಮಣ್ಣು ಒತ್ತಿ ಅವಸರದಲ್ಲಿ ಮಾಡಿದ್ದು. ಚೆಂದ ಅನ್ನುವಂಥದ್ದು ಏನೂ ಇಲ್ಲ. ಆದರೆ ಲೆಕ್ಕವಿಲ್ಲದಷ್ಟು ಸಿಗುತ್ತವೆ, ಎಲ್ಲವೂ ಹೆಚ್ಚುಕಮ್ಮಿ ಒಂದೇ ಗಾತ್ರ. ಕೂಲಿಯವರಿಗೆ ಪಡಿ ಅಳೆದು ಕೊಡುವ ಬಟ್ಟಲು ಎಂದು ಬಹಳ ಜನ ವಿದ್ವಾಂಸರು ಹೇಳುತ್ತಾರೆ. ರೊಟ್ಟಿ ಬೇಯಿಸುವ ಅಚ್ಚು ಎನ್ನುವವರೂ ಇದ್ದಾರೆ. ನನಗೆ ಮೊದಲನೆಯದೇ ಸರಿ ಅನಿಸುತ್ತದೆ, ಕಾರಣ ಅದೇ ಊರಿನ ಜೇಡಿಮಣ್ಣಿನ ಹಲಗೆಗಳಲ್ಲಿದೆ. ಜಗತ್ತಿನ ಅತಿ ಹಳೆಯ ಬರವಣಿಗೆ ಅದು, ಕ್ರಿ.ಪೂ. 3300ರ ಹೊತ್ತಿನದು. ಅದರಲ್ಲಿ 'ತಿನ್ನು' ಎಂಬುದಕ್ಕೆ, ಪಡಿ ಕೊಡುವುದಕ್ಕೆ ಇರುವ ಗುರುತು ಏನು ಗೊತ್ತಾ? ಒಂದು ಮನುಷ್ಯನ ತಲೆ, ಅದರ ಬಾಯಿಯ ಪಕ್ಕ ಒಂದು ಬಟ್ಟಲು. ಅದೇ ಆಕಾರದ ಬಟ್ಟಲು.

ಆ ಹಲಗೆಗಳಲ್ಲಿ ಬಹುಪಾಲು ಬರೀ ಲೆಕ್ಕ. ಇಷ್ಟು ಬಾರ್ಲಿ ಬಂತು, ಇಷ್ಟು ಕುರಿ ಹೋಯಿತು, ಇಂಥವರಿಗೆ ಇಷ್ಟು. ಉಳಿದವು ಪದಗಳ ಪಟ್ಟಿ, ಗುಮಾಸ್ತರ ತರಬೇತಿಗೆ. ಕಥೆ, ಸ್ತೋತ್ರ, ಗಾದೆಗಳು ಹಲಗೆಗೆ ಇಳಿದದ್ದು ಇನ್ನೂ 600-700 ವರ್ಷ ಕಳೆದ ಮೇಲೆ. ಹಾಗಾಗಿ ಬರವಣಿಗೆ ಬಂದದ್ದರಿಂದ ಜ್ಞಾನ ಬೆಳೆಯಿತು ಎಂದು ಮಗಳಿಗೆ ಹೇಳುವ ಮೊದಲು, ಅದು ಬಂದದ್ದು ಉಗ್ರಾಣದ ಬಾಗಿಲಿನಿಂದ ಎಂದು ಹೇಳಿಬಿಡಿ.

ಕಂಚಿನ ಬಗ್ಗೆ ಒಂದೇ ಮಾತು. ಹತ್ತು ಪಾಲು ತಾಮ್ರಕ್ಕೆ ಒಂದು ಪಾಲು ತವರ ಸೇರಿದರೆ ಒಳ್ಳೆಯ ಕಂಚು. ತಾಮ್ರ ಸಾಕಷ್ಟು ಕಡೆ ಸಿಗುತ್ತದೆ, ತವರ ಬಹಳ ಅಪರೂಪ. ಟರ್ಕಿಯ ಕರಾವಳಿಯಲ್ಲಿ ಕ್ರಿ.ಪೂ. 1300ರ ಸುಮಾರಿಗೆ ಮುಳುಗಿದ ಉಲುಬುರುನ್ ಹಡಗು 1982ರಲ್ಲಿ ಪತ್ತೆಯಾಯಿತು. ಅದರಲ್ಲಿ ಸುಮಾರು 10 ಟನ್ ತಾಮ್ರ, 1 ಟನ್ ತವರ ಇತ್ತು. ಪಾಕದ ಅಳತೆಯಲ್ಲೇ ಸರಕು ಹೇರಿದ ಹಾಗಿದೆ. ಕಂಚಿನ ಯುಗ ಅಂದರೆ ಲೋಹಕ್ಕಿಂತ ಹೆಚ್ಚಾಗಿ ದೂರದ ವ್ಯಾಪಾರದ ಯುಗ.

ಕೊನೆಗೆ 'ನಾಗರಿಕತೆ'. ಇದೇ ಚೈಲ್ಡ್ 1950ರಲ್ಲಿ ಹತ್ತು ಲಕ್ಷಣಗಳನ್ನು ಪಟ್ಟಿ ಮಾಡಿದರು: ದೊಡ್ಡ ಜನಸಂಖ್ಯೆ, ಉಳುಮೆ ಬಿಟ್ಟ ಕಸುಬುದಾರರು, ಕಂದಾಯ, ಭಾರಿ ಕಟ್ಟಡ, ಆಳುವ ವರ್ಗ, ಬರವಣಿಗೆ, ದೂರದ ವ್ಯಾಪಾರ ಹೀಗೆ. ಶಾಲೆಯ ಪುಸ್ತಕಗಳು ಇಂದಿಗೂ ಅದರ ನೆರಳಲ್ಲೇ ಇವೆ. ಮೆಸೊಪೊಟೇಮಿಯಕ್ಕೆ, ಅಂದರೆ ಉರುಕ್ ಇದ್ದ ನಾಡಿಗೆ, ಪಟ್ಟಿ ಸರಿಯಾಗಿ ಕೂರುತ್ತದೆ, ಅಲ್ಲಿಯದನ್ನೇ ಮನಸ್ಸಿನಲ್ಲಿಟ್ಟು ಬರೆದದ್ದು ತಾನೇ. ಸಿಂಧೂ ಕಣಿವೆಗೆ ಬನ್ನಿ. ಕ್ರಿ.ಪೂ. 2600ರಿಂದ 1900ರ ತನಕ ಹರಪ್ಪ, ಮೊಹೆಂಜೊದಾರೊದಂಥ ನಗರಗಳು. ಇಟ್ಟಿಗೆಯ ದಪ್ಪ, ಅಗಲ, ಉದ್ದ ಎಲ್ಲ ಕಡೆ 1:2:4ರ ಅಳತೆ. ತೂಗಲು ಬಳಸುವ ಕಲ್ಲಿನ ಚೌಕ ಬಟ್ಟುಗಳು ನೂರಾರು ಮೈಲಿ ದೂರದ ಊರುಗಳಲ್ಲೂ ಒಂದೇ ತೂಕ. ಇಷ್ಟು ಶಿಸ್ತು ಯಾರು ಇಟ್ಟರು? ಇದು ಅರಮನೆ ಎಂದು ಬೆರಳು ತೋರಿಸುವಂಥ ಕಟ್ಟಡವಿಲ್ಲ, ಚಿನ್ನ ತುಂಬಿದ ರಾಜನ ಸಮಾಧಿ ಇಲ್ಲ. ಬರಹ ಇದೆ, ಒಂದೊಂದು ಬರಹದಲ್ಲಿ ಸರಾಸರಿ ಐದೇ ಅಕ್ಷರ, ಇನ್ನೂ ಓದಲಾಗಿಲ್ಲ. ಅತ್ತ ದಕ್ಷಿಣ ಅಮೆರಿಕದ ಇಂಕಾ ಸಾಮ್ರಾಜ್ಯ ಬರವಣಿಗೆಯೇ ಇಲ್ಲದೆ, ಗಾಡಿಯ ಚಕ್ರವೂ ಇಲ್ಲದೆ ನಡೆಯಿತು. ಲೆಕ್ಕವನ್ನು ಕಿಪು ಎಂಬ ದಾರದ ಗಂಟುಗಳಲ್ಲಿ ಇಡುತ್ತಿದ್ದರು.

ಇದೆಲ್ಲ ಹೇಗೆ ಗೊತ್ತು ಎಂದಿರಿ. ಅರ್ಧ ಉತ್ತರ ಆಗಲೇ ಬಂದಿದೆ: ಕಾಳಿನ ಬುಡ, ಕಾಲ್ಬೆರಳು, ಬಟ್ಟಲು. ತಾರೀಖಿಗೆ ಮುಖ್ಯ ದಾರಿ ಇಂಗಾಲ-14, ಇಂಗಾಲದ್ದೇ ಒಂದು ಬಗೆ. ಬದುಕಿದ್ದೆಲ್ಲದರ ಮೈಯಲ್ಲೂ ಅದು ಇರುತ್ತದೆ, ಸತ್ತ ಮೇಲೆ 5,730 ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಎಷ್ಟು ಉಳಿದಿದೆ ಎಂದು ಅಳೆದರೆ ಎಷ್ಟು ಕಾಲವಾಯಿತು ಎಂದು ತಿಳಿಯುತ್ತದೆ. ಅಮೆರಿಕದ ರಸಾಯನಶಾಸ್ತ್ರಜ್ಞ ವಿಲ್ಲರ್ಡ್ ಲಿಬಿ 1949ರಲ್ಲಿ ಇದನ್ನು ಮಾಡಿ ತೋರಿಸಿದರು. ಸುಮಾರು 50,000 ವರ್ಷಕ್ಕಿಂತ ಹಿಂದೆ ಇದು ಓಡುವುದಿಲ್ಲ. ಅಲ್ಲಿಂದಾಚೆಗೆ ಜ್ವಾಲಾಮುಖಿಯ ಬೂದಿ, ಮರಳಿನ ಕಣದಂಥ ಬೇರೆ ಗಡಿಯಾರಗಳನ್ನು ಹುಡುಕಬೇಕು.

ಪರೀಕ್ಷೆಯಲ್ಲಿ ಮಗಳು ಪುಸ್ತಕದ ಕ್ರಮವನ್ನೇ ಬರೆಯಲಿ, ಅಂಕ ಹೋಗುವುದು ಬೇಡ. ಆದರೆ ಮನೆಯಲ್ಲಿ 'ಮಡಕೆ ಮೊದಲಾ, ಹೊಲ ಮೊದಲಾ?' ಎಂದು ಕೇಳಿದರೆ 'ಎಲ್ಲಿ?' ಎಂದು ತಿರುಗಿ ಕೇಳಿ. ಜಪಾನಿನಲ್ಲಿ ಮಡಕೆ. ಪಶ್ಚಿಮ ಏಷ್ಯಾದಲ್ಲಿ ಹೊಲ. ಪೆರುವಿನ ಕಾರಲ್‌ನಲ್ಲಿ, ಕ್ರಿ.ಪೂ. 2600ರ ಹೊತ್ತಿಗೆ, ಹತ್ತಿ ಬೆಳೆಯುತ್ತಿದ್ದರು, ಪಿರಮಿಡ್ ಆಕಾರದ ದೊಡ್ಡ ಕಟ್ಟಡಗಳನ್ನು ಎಬ್ಬಿಸಿದ್ದರು, ಕರಾವಳಿಯಿಂದ ಮೀನು ತರಿಸುತ್ತಿದ್ದರು. ಅವರ ಅಡುಗೆಮನೆಯಲ್ಲಿ ಇನ್ನೂ ಒಂದು ಮಡಕೆ ಇರಲಿಲ್ಲ.